ಔಷಧಕ್ಕೆ ಬಗ್ಗದ ರೋಗಾಣುಗಳು: ನಿಜವಾಗಿ ಊರೂರು ಸುತ್ತುತ್ತಿರುವುದು ಪ್ಲಾಸ್ಮಿಡ್

2002ರ ಜೂನ್ ತಿಂಗಳು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಸಕ್ಕರೆ ಕಾಯಿಲೆ ಇದ್ದ, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಒಬ್ಬ ರೋಗಿಯ ಕಾಲಿನ ಹುಣ್ಣು ವಾಸಿಯಾಗುತ್ತಿರಲಿಲ್ಲ. ಹುಣ್ಣಿನಿಂದ ಮಾದರಿ ತೆಗೆದು ಲ್ಯಾಬ್‌ನಲ್ಲಿ ಬೆಳೆಸಿ ನೋಡಿದರೆ ಅಲ್ಲಿ ಹಲವು ಬ್ಯಾಕ್ಟೀರಿಯಾ ಇದ್ದವು. ಅದರಲ್ಲಿ ಎರಡು ಮುಖ್ಯ. ಒಂದು ಎಂಟೆರೊಕಾಕಸ್, ಇನ್ನೊಂದು ಸ್ಟೆಫಿಲೊಕಾಕಸ್ ಆರಿಯಸ್. ಈ ಸ್ಟೆಫಿಲೊಕಾಕಸ್‌ಗೆ ವ್ಯಾಂಕೊಮೈಸಿನ್ ಏನೂ ಮಾಡುತ್ತಿರಲಿಲ್ಲ.

ವೈದ್ಯರು ವರ್ಷಗಟ್ಟಲೆ ಹೆದರುತ್ತಿದ್ದದ್ದು ಇದಕ್ಕೇ. ಬೇರೆ ಔಷಧಗಳಿಗೆ ಬಗ್ಗದ ಸ್ಟೆಫಿಲೊಕಾಕಸ್ ಎದುರಾದಾಗ ಅವರ ಕೈಹಿಡಿಯುತ್ತಿದ್ದದ್ದು ವ್ಯಾಂಕೊಮೈಸಿನ್. ಅದಕ್ಕೂ ಪೂರ್ತಿಯಾಗಿ ಬಗ್ಗದ ತಳಿ ರೋಗಿಯೊಬ್ಬರಲ್ಲಿ ಸಿಕ್ಕಿದ್ದು ಅದೇ ಮೊದಲು.

ಆದರೆ ಸ್ಟೆಫಿಲೊಕಾಕಸ್ ಈ ವಿದ್ಯೆಯನ್ನು ತಾನೇ ಕಲಿತಿರಲಿಲ್ಲ. ಅದೇ ಹುಣ್ಣಿನಲ್ಲಿ ಪಕ್ಕದಲ್ಲೇ ಇದ್ದ ಎಂಟೆರೊಕಾಕಸ್ ಹತ್ತಿರ ಬೇಕಾದ ಜೀನ್‌ಗಳೆಲ್ಲ ಒಂದೇ ಗುಂಪಾಗಿ ಇದ್ದವು. ಕೋಶದ ಗೋಡೆಯಲ್ಲಿ ವ್ಯಾಂಕೊಮೈಸಿನ್ ಎಲ್ಲಿ ಹೋಗಿ ಅಂಟಿಕೊಳ್ಳುತ್ತದೋ ಆ ಜಾಗವನ್ನೇ ಬದಲಾಯಿಸಿಬಿಡುವ ಜೀನ್‌ಗಳು ಅವು. ಪ್ಲಾಸ್ಮಿಡ್ ಎನ್ನುವ ಡಿಎನ್ಎ ಉಂಗುರವೊಂದು ಅವನ್ನು ಹೊತ್ತುಕೊಂಡು ಸ್ಟೆಫಿಲೊಕಾಕಸ್ ಒಳಗೆ ಬಂತು. ಒಳಗೆ ಬಂದ ಮೇಲೆ ಆ ಜೀನ್ ಗುಂಪು ಅಲ್ಲಿಂದ ಹಾರಿ, ಸ್ಟೆಫಿಲೊಕಾಕಸ್ ಬಳಿ ಮೊದಲೇ ಇದ್ದ ಇನ್ನೊಂದು ಪ್ಲಾಸ್ಮಿಡ್ ಮೇಲೆ ಕೂತುಕೊಂಡಿತು. ಹೊತ್ತು ತಂದ ಪ್ಲಾಸ್ಮಿಡ್ ಆಮೇಲೆ ಕಳೆದುಹೋಯಿತು. ಇಷ್ಟೆಲ್ಲ ನಡೆದದ್ದು ಒಬ್ಬ ಮನುಷ್ಯನ ದೇಹದಲ್ಲಿ, ಬಹುಶಃ ಆ ಒಂದು ಹುಣ್ಣಿನಲ್ಲೇ.

ಆಂಟಿಬಯೋಟಿಕ್ ಕೆಲಸ ಮಾಡದಿದ್ದಾಗ ನಾವು ಸಾಮಾನ್ಯವಾಗಿ ಹೇಳುವುದು ಏನು? "ದೇಹಕ್ಕೆ ಮಾತ್ರೆ ಅಭ್ಯಾಸ ಆಗಿಬಿಟ್ಟಿದೆ" ಅಂತ. ಅದು ತಪ್ಪು. ಬದಲಾಗುವುದು ದೇಹ ಅಲ್ಲ, ಬ್ಯಾಕ್ಟೀರಿಯಾ. ಇಷ್ಟು ಗೊತ್ತಿರುವವರು ಕೂಡ ಒಂದು ಬ್ಯಾಕ್ಟೀರಿಯಾದಲ್ಲಿ ಆಕಸ್ಮಿಕವಾಗಿ ಏನೋ ಬದಲಾಗುತ್ತದೆ, ಅದು ಔಷಧದಿಂದ ಬದುಕುಳಿಯುತ್ತದೆ, ಅದರ ಮರಿಗಳು ತುಂಬಿಕೊಳ್ಳುತ್ತವೆ ಎಂದುಕೊಂಡಿರುತ್ತಾರೆ. ಕೆಲವು ರೋಗಾಣುಗಳಲ್ಲಿ ಅದು ಪೂರ್ತಿ ನಿಜ. ಕ್ಷಯದ ಬ್ಯಾಕ್ಟೀರಿಯಾ ಹಾಗೇ ಬದಲಾಗುವುದು. ಆದರೆ ಆಸ್ಪತ್ರೆಗಳಲ್ಲಿ ಇವತ್ತು ಅತಿ ಹೆಚ್ಚು ಕಾಡುವ ಕ್ಲೆಬ್ಸಿಯೆಲ್ಲಾ, ಇ. ಕೋಲೈ ತರಹದವುಗಳಲ್ಲಿ ಕಥೆ ಬೇರೆ. ಅಲ್ಲಿ ಸಿದ್ಧವಾಗಿರುವ ಜೀನ್‌ಗಳೇ ಕೈಯಿಂದ ಕೈಗೆ ಸಾಗುತ್ತವೆ. ನಾವು ಹಿಂಬಾಲಿಸಬೇಕಾದ್ದು ಆ ಗಂಟನ್ನು. ಇಷ್ಟು ವರ್ಷ ಬರೀ ಗಂಟು ಹೊತ್ತವರ ಮುಖ ನೋಡುತ್ತಾ ಕೂತೆವು ಅನ್ನುವುದೇ ನನ್ನ ಸಂಕಟ.

ಪ್ಲಾಸ್ಮಿಡ್ ಅಂದರೆ ಡಿಎನ್ಎಯ ಒಂದು ಪುಟ್ಟ ಉಂಗುರ. ಬ್ಯಾಕ್ಟೀರಿಯಾಕ್ಕೆ ತನ್ನದೇ ದೊಡ್ಡ ಡಿಎನ್ಎ ಇರುತ್ತದೆ. ಇ. ಕೋಲೈಯಲ್ಲಿ ಅದು ಸುಮಾರು 46 ಲಕ್ಷ ಅಕ್ಷರಗಳಷ್ಟು ಉದ್ದ. ಪ್ಲಾಸ್ಮಿಡ್ ಅದರಿಂದ ಬೇರೆಯಾಗಿ, ಕೆಲವು ಸಾವಿರದಿಂದ ಕೆಲವು ಲಕ್ಷ ಅಕ್ಷರಗಳಷ್ಟು ಇರುತ್ತದೆ. ತನ್ನ ಪ್ರತಿಗಳನ್ನು ತಾನೇ ಮಾಡಿಸಿಕೊಳ್ಳುತ್ತದೆ. ಎಷ್ಟೋ ದೊಡ್ಡ ಪ್ಲಾಸ್ಮಿಡ್‌ಗಳಲ್ಲಿ ಇನ್ನೊಂದು ಕೋಶಕ್ಕೆ ದಾಟುವ ಸಲಕರಣೆಯೂ ಇರುತ್ತದೆ. ಸಣ್ಣವು ಎಷ್ಟೋ ಸಲ ದೊಡ್ಡವುಗಳ ಬೆನ್ನು ಹತ್ತಿ ದಾಟುತ್ತವೆ.

ದಾಟುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಪ್ಲಾಸ್ಮಿಡ್ ಇರುವ ಕೋಶ ಕೂದಲಿನಂತಹ ಒಂದು ಎಳೆಯನ್ನು ಹೊರಗೆ ಚಾಚುತ್ತದೆ. ಅದು ಪಕ್ಕದ ಕೋಶಕ್ಕೆ ತಾಗಿದರೆ ಹಿಂದಕ್ಕೆ ಸುರುಳಿಕೊಂಡು ಎರಡನ್ನೂ ಹತ್ತಿರ ತರುತ್ತದೆ. ಆಮೇಲೆ ಒಂದು ಕಿಣ್ವ ಪ್ಲಾಸ್ಮಿಡ್‌ನ ಎರಡು ಎಳೆಗಳಲ್ಲಿ ಒಂದನ್ನು ನಿಗದಿಯಾದ ಜಾಗದಲ್ಲಿ ಕತ್ತರಿಸುತ್ತದೆ. ಸೂಜಿಯಲ್ಲಿ ದಾರ ಪೋಣಿಸಿದ ಹಾಗೆ ಆ ಒಂದು ಎಳೆ ಆಚೆಗೆ ಹೋಗುತ್ತದೆ. ಈಚೆ ಉಳಿದ ಎಳೆಗೆ ಜೋಡಿ ತಯಾರಾಗುತ್ತದೆ, ಆಚೆ ಹೋದದ್ದಕ್ಕೂ ಜೋಡಿ ತಯಾರಾಗುತ್ತದೆ. ವಿದ್ಯೆ ಕೊಟ್ಟರೆ ಕಡಿಮೆ ಆಗುವುದಿಲ್ಲ ಅಂತೀವಲ್ಲ, ಇಲ್ಲೂ ಹಾಗೇ. ಕೊಟ್ಟವರ ಹತ್ತಿರವೂ ಒಂದು, ಪಡೆದವರ ಹತ್ತಿರವೂ ಒಂದು. ಒಂದು ಲಕ್ಷ ಅಕ್ಷರದ ಪ್ಲಾಸ್ಮಿಡ್ ದಾಟುವುದಕ್ಕೆ ಎರಡು ಮೂರು ನಿಮಿಷ ಸಾಕು. ಈಗ ಪಡೆದದ್ದು ಮುಂದೆ ಇನ್ನೊಬ್ಬರಿಗೆ ಕೊಡಬಲ್ಲದು.

ಬ್ಯಾಕ್ಟೀರಿಯಾ ಹೀಗೆ ಡಿಎನ್ಎ ದಾಟಿಸುತ್ತವೆ ಅಂತ ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್ ತೋರಿಸಿದ್ದು 1946ರಲ್ಲಿ. ಪ್ಲಾಸ್ಮಿಡ್ ಎನ್ನುವ ಹೆಸರು ಇಟ್ಟವರೂ ಲೆಡರ್‌ಬರ್ಗ್, 1952ರಲ್ಲಿ. ಆಗ ಅದು ಪ್ರಯೋಗಾಲಯದ ಕುತೂಹಲ ಅಷ್ಟೇ ಆಗಿತ್ತು. ರೋಗಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಮೊದಲು ಕಂಡುಕೊಂಡವರು ಜಪಾನಿನವರು.

ಯುದ್ಧ ಮುಗಿದ ಮೇಲಿನ ಜಪಾನಿನಲ್ಲಿ ರಕ್ತಭೇದಿ ಜೋರಾಗಿತ್ತು. ಸಲ್ಫಾ ಮಾತ್ರೆಗಳು ಬೇಗನೆ ಸೋತವು. ಆಮೇಲೆ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಂಫೆನಿಕಾಲ್ ಬಂದವು. 1950ರ ದಶಕದ ಮಧ್ಯದ ಹೊತ್ತಿಗೆ ಈ ನಾಲ್ಕಕ್ಕೂ ಒಟ್ಟಿಗೆ ಬಗ್ಗದ ಶಿಗೆಲ್ಲಾ, ಅಂದರೆ ರಕ್ತಭೇದಿ ತರುವ ಬ್ಯಾಕ್ಟೀರಿಯಾ, ಕಾಣಿಸಿಕೊಂಡಿತು. ಇದು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಒಂದು ಔಷಧಕ್ಕೆ ಬಗ್ಗದಂತೆ ಆಕಸ್ಮಿಕವಾಗಿ ಬದಲಾಗುವುದೇ ಅಪರೂಪ. ನಾಲ್ಕಕ್ಕೂ ಒಂದೇ ಕೋಶ ಒಂದೇ ಸಲ ಬದಲಾಗುವುದು ಸಾಧ್ಯವೇ ಇಲ್ಲ ಅನ್ನುವಷ್ಟು ಅಪರೂಪ. ಇನ್ನೊಂದು ವಿಚಿತ್ರ ಅಂದರೆ ಅದೇ ರೋಗಿಯ ಕರುಳಿನಲ್ಲಿದ್ದ, ಯಾವ ತೊಂದರೆಯನ್ನೂ ಕೊಡದ ಇ. ಕೋಲೈ ಕೂಡ ಅದೇ ನಾಲ್ಕು ಔಷಧಗಳಿಗೆ ಬಗ್ಗುತ್ತಿರಲಿಲ್ಲ. 1959ರಲ್ಲಿ ಅಕಿಬಾ ಮತ್ತು ಒಚಿಯಾಯಿ ಅವರ ತಂಡಗಳು ಬೇರೆ ಬೇರೆಯಾಗಿ ಎರಡು ಬ್ಯಾಕ್ಟೀರಿಯಾವನ್ನೂ ಒಂದೇ ಕೊಳವೆಯಲ್ಲಿ ಸೇರಿಸಿ ಬೆಳೆಸಿ ನೋಡಿದವು. ನಾಲ್ಕೂ ಶಕ್ತಿ ಒಂದೇ ಗಂಟಾಗಿ ಒಂದರಿಂದ ಇನ್ನೊಂದಕ್ಕೆ ದಾಟಿತು. ಇದು ಪ್ರಕಟವಾಗಿದ್ದು ಜಪಾನಿ ಭಾಷೆಯಲ್ಲಿ. ಹೊರಗಿನ ಹೆಚ್ಚಿನವರ ಗಮನಕ್ಕೆ ಬಂದದ್ದು ತ್ಸುತೊಮು ವಾತನಾಬೆ 1963ರಲ್ಲಿ ಇಂಗ್ಲಿಷಿನಲ್ಲಿ ಬರೆದ ಮೇಲೆ. ಆ ನಾಲ್ಕು ವರ್ಷದ ತಡ ಈಗಲೂ ನನಗೆ ಬೇಸರ ತರಿಸುತ್ತದೆ.

ಹಾಗಾದರೆ ಆಂಟಿಬಯೋಟಿಕ್ ಬರುವ ಮೊದಲು ಪ್ಲಾಸ್ಮಿಡ್ ಇರಲಿಲ್ಲವೇ? ಇತ್ತು. ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಎವರಿಟ್ ಮರ್ರಿ ಎನ್ನುವ ಸೂಕ್ಷ್ಮಜೀವಿ ತಜ್ಞ 1917ರಿಂದ 1954ರವರೆಗೆ ಬೇರೆ ಬೇರೆ ದೇಶಗಳಿಂದ ಬಂದ ರೋಗಾಣುಗಳನ್ನು ಗಾಜಿನ ಕೊಳವೆಗಳಲ್ಲಿ ಮುಚ್ಚಿ ಜೋಪಾನ ಮಾಡಿದ್ದರು. ಅದರಲ್ಲಿ ಎಷ್ಟೋ ಮಾದರಿಗಳು ಪೆನಿಸಿಲಿನ್ ಬಳಕೆಗೆ ಬರುವ ಮೊದಲಿನವು. 1983ರಲ್ಲಿ ವಿಕ್ಟೋರಿಯಾ ಹ್ಯೂಸ್ ಮತ್ತು ನವೋಮಿ ದತ್ತಾ ಆ ಕೊಳವೆಗಳನ್ನು ತೆರೆದು ಪರೀಕ್ಷಿಸಿದರು. ಸುಮಾರು ಕಾಲು ಭಾಗದಲ್ಲಿ ಬೇರೆ ಕೋಶಕ್ಕೆ ದಾಟಬಲ್ಲ ಪ್ಲಾಸ್ಮಿಡ್ ಇತ್ತು. ಆದರೆ ಆ ಪ್ಲಾಸ್ಮಿಡ್‌ಗಳು ಔಷಧ ಎದುರಿಸುವ ಜೀನ್ ಹೊತ್ತಿರಲಿಲ್ಲ. 2025ರಲ್ಲಿ ಇದೇ ಸಂಗ್ರಹದ ಡಿಎನ್ಎ ಓದಿ, ಈಗಿನ ಸಾವಿರಾರು ಪ್ಲಾಸ್ಮಿಡ್‌ಗಳ ಜೊತೆ ಹೋಲಿಸಿದ ಅಧ್ಯಯನ ಬಂತು. ಇವತ್ತು ನಮ್ಮನ್ನು ಕಾಡುತ್ತಿರುವ ಎಷ್ಟೋ ಪ್ಲಾಸ್ಮಿಡ್‌ಗಳು ಆ ಹಳೆಯವುಗಳ ಸಂತತಿಯೇ ಅಂತ ಅದು ತೋರಿಸಿತು. ಕೆಲವು ಹಳೆಯ ಪ್ಲಾಸ್ಮಿಡ್‌ಗಳೊಳಗೆ ಹೊಸ ಜೀನ್‌ಗಳು ಸೇರಿಕೊಂಡಿವೆ, ಕೆಲವು ಇನ್ನೊಂದು ಪ್ಲಾಸ್ಮಿಡ್ ಜೊತೆ ಬೆಸೆದುಕೊಂಡಿವೆ. ಅಂದರೆ ದಾರಿ ಮೊದಲೇ ಇತ್ತು, ಗಾಡಿಯೂ ಇತ್ತು. ಸರಕು ತುಂಬಿದ್ದು ಮಾತ್ರ ಕಳೆದ ಎಂಬತ್ತು ವರ್ಷಗಳಲ್ಲಿ.

ಸರಕು ಬಂದದ್ದು ಎಲ್ಲಿಂದ? ಜೀನ್‌ಗಳು ಹೊಸದಾಗಿ ಹುಟ್ಟಿದವಲ್ಲ. ಕೆನಡಾದ ಯೂಕಾನ್‌ನಲ್ಲಿ 30,000 ವರ್ಷ ಹೆಪ್ಪುಗಟ್ಟಿದ್ದ ಮಣ್ಣಿನಲ್ಲೂ ಪೆನಿಸಿಲಿನ್ ತರಹದ ಔಷಧ, ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್ ಎದುರಿಸುವ ಜೀನ್‌ಗಳು ಸಿಕ್ಕಿವೆ. 2011ರಲ್ಲಿ ಇದು ಪ್ರಕಟವಾಯಿತು. ನಮ್ಮ ಹೆಚ್ಚಿನ ಆಂಟಿಬಯೋಟಿಕ್‌ಗಳ ಮೂಲವೇ ಮಣ್ಣಿನ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಅಲ್ವಾ? ವಿಷ ತಯಾರಿಸುವವರಿಗೆ ಅದರಿಂದ ಉಳಿಯುವ ಉಪಾಯವೂ ಬೇಕು, ಅಕ್ಕಪಕ್ಕದಲ್ಲಿ ಬಾಳುವವರಿಗೂ ಬೇಕು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಟ ಲಕ್ಷಾಂತರ ವರ್ಷಗಳಿಂದ ನಡೆದಿದೆ. ಮೂತ್ರದ ಸೋಂಕುಗಳಲ್ಲಿ ಇವತ್ತು ಜಗತ್ತಿನಾದ್ಯಂತ ಕಾಣುವ ಸಿಟಿಎಕ್ಸ್-ಎಂ ಎನ್ನುವ, ಪೆನಿಸಿಲಿನ್ ತರಹದ ಹಲವು ಔಷಧಗಳನ್ನು ಎದುರಿಸುವ ಜೀನ್ ಕ್ಲುಯ್ವೆರಾ ಎಂಬ, ಹೆಚ್ಚಿನವರು ಹೆಸರೂ ಕೇಳಿರದ ಬ್ಯಾಕ್ಟೀರಿಯಾದ ಮೂಲ ಡಿಎನ್ಎಯಲ್ಲಿ ಸುಮ್ನೆ ಕೂತಿತ್ತು. ಅಲ್ಲಿಂದ ಎದ್ದು ಪ್ಲಾಸ್ಮಿಡ್ ಹತ್ತಿದ ಮೇಲೆ ಅದನ್ನು ಹಿಡಿಯುವವರೇ ಇಲ್ಲ.

ಜೀನ್ ಎದ್ದು ಹತ್ತುವುದು ಹೇಗೆ ಎನ್ನುವುದು ಇಡೀ ವಿಷಯದಲ್ಲೇ ನನಗೆ ಅತಿ ಬೆರಗು ಹುಟ್ಟಿಸುವ ಭಾಗ. ಡಿಎನ್ಎಯಲ್ಲಿ ಜಾಗ ಬದಲಾಯಿಸುವ ಸಣ್ಣ ತುಂಡುಗಳಿವೆ. ತನ್ನನ್ನು ತಾನೇ ಕತ್ತರಿಸಿ ಅಥವಾ ಪ್ರತಿ ಮಾಡಿ ಇನ್ನೊಂದು ಕಡೆ ಅಂಟಿಸಿಕೊಳ್ಳುವ ಕಿಣ್ವ ಅವುಗಳಲ್ಲೇ ಇರುತ್ತದೆ. ಇಂತಹ ತುಂಡು ಒಂದು ಜೀನ್ ಪಕ್ಕ ಬಂದು ಕೂತರೆ, ಮುಂದಿನ ಸಲ ಹಾರುವಾಗ ಆ ಜೀನ್‌ನ್ನೂ ಎತ್ತಿಕೊಂಡು ಹೋಗಬಹುದು. ಹೀಗೆ ಹಾರುವ ಜೀನ್ ಸಮೇತ ತುಂಡಿಗೆ ಟ್ರಾನ್ಸ್‌ಪೋಸಾನ್ ಅಂತ ಹೆಸರು. 1974ರಲ್ಲಿ ಹೆಜಸ್ ಮತ್ತು ಜೇಕಬ್ ಈ ಹೆಸರು ಕೊಟ್ಟಾಗ ಅವರ ಮುಂದಿದ್ದದ್ದು ಒಂದು ಪ್ಲಾಸ್ಮಿಡ್‌ನಿಂದ ಇನ್ನೊಂದಕ್ಕೆ ಹಾರುತ್ತಿದ್ದ ಆಂಪಿಸಿಲಿನ್ ಎದುರಿಸುವ ಜೀನ್. ಇದಲ್ಲದೆ ಇಂಟೆಗ್ರಾನ್ ಅಂತ ಇನ್ನೊಂದಿದೆ. ಅದು ಬಿಡಿ ಜೀನ್‌ಗಳನ್ನು ಹಿಡಿದು, ಹಾರಕ್ಕೆ ಮಣಿ ಪೋಣಿಸಿದ ಹಾಗೆ ಸಾಲಾಗಿ ಸೇರಿಸುತ್ತದೆ. ಮುಂದೆ ಇರುವ ಮಣಿಗೆ ಕೆಲಸ ಜಾಸ್ತಿ, ಹಿಂದೆ ಇರುವುದಕ್ಕೆ ಕಡಿಮೆ. ಕೋಶಕ್ಕೆ ಕಷ್ಟ ಬಂದಾಗ ಸಾಲು ಬದಲಾಗುತ್ತದೆ. ಕೆಲವು ಆಂಟಿಬಯೋಟಿಕ್‌ಗಳೇ ಡಿಎನ್ಎಗೆ ಪೆಟ್ಟು ಕೊಟ್ಟು ಈ ಬದಲಾವಣೆಯ ಯಂತ್ರವನ್ನು ಚಾಲೂ ಮಾಡುತ್ತವೆ ಅಂತ ಗೊತ್ತಾಗಿದೆ.

ಹೀಗಾಗಿ ಒಂದರೊಳಗೆ ಒಂದು. ಮಣಿ ಇಂಟೆಗ್ರಾನ್‌ನಲ್ಲಿ, ಇಂಟೆಗ್ರಾನ್ ಟ್ರಾನ್ಸ್‌ಪೋಸಾನ್‌ನಲ್ಲಿ, ಟ್ರಾನ್ಸ್‌ಪೋಸಾನ್ ಪ್ಲಾಸ್ಮಿಡ್‌ನಲ್ಲಿ, ಪ್ಲಾಸ್ಮಿಡ್ ಬ್ಯಾಕ್ಟೀರಿಯಾದಲ್ಲಿ, ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ, ನಾವು ವಿಮಾನದಲ್ಲಿ.

ಔಷಧ ಬಳಕೆ ನಿಲ್ಲಿಸಿದರೆ ಈ ಹೊರೆ ತಾನಾಗಿ ಉದುರಿಹೋಗುವುದಿಲ್ಲವೇ? ಕೇಳಬೇಕಾದ ಪ್ರಶ್ನೆ. ಹೊಸದಾಗಿ ಪ್ಲಾಸ್ಮಿಡ್ ಪಡೆದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಸ್ವಲ್ಪ ನಿಧಾನವಾಗಿ ಬೆಳೆಯುತ್ತದೆ. ಔಷಧ ಇಲ್ಲದ ಕಡೆ ಪ್ಲಾಸ್ಮಿಡ್ ಇಲ್ಲದವು ಅದನ್ನು ಹಿಂದೆ ಹಾಕಬೇಕು. ಎಷ್ಟೋ ಸಲ ಹಾಗಾಗುವುದಿಲ್ಲ, ಅದಕ್ಕೆ ಒಂದಲ್ಲ ಹಲವು ಕಾರಣ. ಕೆಲವು ಪ್ಲಾಸ್ಮಿಡ್‌ಗಳು ಒಂದು ವಿಷವನ್ನೂ ಅದರ ಪ್ರತಿವಿಷವನ್ನೂ ಜೊತೆಯಲ್ಲೇ ತಯಾರಿಸುತ್ತವೆ. ವಿಷ ಬಹಳ ಹೊತ್ತು ಉಳಿಯುತ್ತದೆ, ಪ್ರತಿವಿಷ ಬೇಗ ಕರಗುತ್ತದೆ. ಕೋಶ ಎರಡಾಗುವಾಗ ಯಾವ ಮರಿಗೆ ಪ್ಲಾಸ್ಮಿಡ್ ಸಿಗಲಿಲ್ಲವೋ ಅದಕ್ಕೆ ಪ್ರತಿವಿಷದ ಹೊಸ ಪೂರೈಕೆ ನಿಲ್ಲುತ್ತದೆ, ಉಳಿದ ವಿಷ ಅದನ್ನು ಕೊಲ್ಲುತ್ತದೆ ಇಲ್ಲವೇ ಬೆಳೆಯದಂತೆ ತಡೆಯುತ್ತದೆ. ಬ್ಯಾಕ್ಟೀರಿಯಾಕ್ಕೆ ಇದು ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಜೊತೆಗೆ, ಹೊರೆ ಹೊತ್ತು ಹೊತ್ತು ಬ್ಯಾಕ್ಟೀರಿಯಾ ಒಗ್ಗಿಕೊಳ್ಳುತ್ತದೆ. ಕೆಲವು ನೂರು ತಲೆಮಾರುಗಳಲ್ಲಿ ಅದರ ಡಿಎನ್ಎಯಲ್ಲೋ ಪ್ಲಾಸ್ಮಿಡ್‌ನಲ್ಲೋ ಸಣ್ಣ ಬದಲಾವಣೆ ಆಗಿ, ಮೊದಲಿದ್ದ ಭಾರ ಭಾರವೇ ಅನಿಸುವುದಿಲ್ಲ. ಅನುಕೂಲವಾದ ಜಾಗದಲ್ಲಿ ಇ. ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕೆಲವು ನೂರು ತಲೆಮಾರು ಅಂದರೆ ಅದಕ್ಕೆ ದೊಡ್ಡ ಅವಧಿಯೇನೂ ಅಲ್ಲ.

ಬ್ರಿಟನ್ನಿನಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. 1990ರ ದಶಕದಲ್ಲಿ ಅಲ್ಲಿ ಸಲ್ಫಾ ಔಷಧದ ಬಳಕೆಗೆ ಕಡಿವಾಣ ಬಿತ್ತು. 1991ರಲ್ಲಿ ವರ್ಷಕ್ಕೆ ಸುಮಾರು 3,20,000 ಇದ್ದ ವೈದ್ಯರ ಚೀಟಿಗಳು 1999ಕ್ಕೆ 7,000ದ ಹತ್ತಿರ ಇಳಿದವು. ಲಂಡನ್ನಿನ ಇ. ಕೋಲೈ ಮಾದರಿಗಳಲ್ಲಿ ಸಲ್ಫಾಗೆ ಬಗ್ಗದವು 1991ರಲ್ಲಿ ನೂರಕ್ಕೆ ಸುಮಾರು 40 ಇದ್ದವು. 1999ರಲ್ಲಿ? 46. ಕಡಿಮೆ ಆಗಲೇ ಇಲ್ಲ. ಸಲ್ಫಾ ಎದುರಿಸುವ ಜೀನ್ ಒಂಟಿಯಾಗಿ ಇರಲಿಲ್ಲ, ಬೇರೆ ಔಷಧಗಳನ್ನು ಎದುರಿಸುವ ಜೀನ್‌ಗಳ ಜೊತೆ ಒಂದೇ ಪ್ಲಾಸ್ಮಿಡ್‌ನಲ್ಲಿ ಕಟ್ಟಿಕೊಂಡಿತ್ತು. ಆ ಬೇರೆ ಔಷಧಗಳ ಬಳಕೆ ನಡೆದೇ ಇತ್ತು. ಗಂಟಿನಲ್ಲಿರುವ ಒಂದು ವಸ್ತು ಕೆಲಸಕ್ಕೆ ಬಂದರೂ ಇಡೀ ಗಂಟು ಉಳಿಯುತ್ತದೆ. ಆ ವಸ್ತು ಔಷಧದ್ದೇ ಆಗಬೇಕೆಂದೂ ಇಲ್ಲ. ಪಾದರಸ, ತಾಮ್ರ, ಸತು, ಕೆಲವು ಸೋಂಕುನಾಶಕಗಳನ್ನು ಎದುರಿಸುವ ಜೀನ್‌ಗಳೂ ಇದೇ ಪ್ಲಾಸ್ಮಿಡ್‌ಗಳಲ್ಲಿ ಸಿಗುತ್ತವೆ.

ಹಾಗಾದರೆ ಔಷಧ ಕಡಿಮೆ ಮಾಡುವುದು ವ್ಯರ್ಥವೇ? ಖಂಡಿತ ಅಲ್ಲ. ಕೊಲಿಸ್ಟಿನ್ ವಿಷಯ ನೋಡಿ. ಬೇರೆಲ್ಲ ಸೋತಾಗ ಕೊಡುವ ಹಳೆಯ, ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಔಷಧ ಅದು. 2015ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿಗಳು ಹಂದಿ, ಮಾಂಸ, ರೋಗಿಗಳು ಮೂರರಲ್ಲೂ ಕೊಲಿಸ್ಟಿನ್ ಎದುರಿಸುವ ಎಂಸಿಆರ್-1 ಎನ್ನುವ ಜೀನ್ ಪ್ಲಾಸ್ಮಿಡ್ ಮೇಲೆ ಇರುವುದನ್ನು ವರದಿ ಮಾಡಿದರು. ಹಂದಿಗಳು ಬೇಗ ಕೊಬ್ಬಲಿ ಅಂತ ಮೇವಿಗೆ ಕೊಲಿಸ್ಟಿನ್ ಬೆರೆಸುತ್ತಿದ್ದರು. 2017ರಲ್ಲಿ ಚೀನಾ ಅದನ್ನು ನಿಷೇಧಿಸಿತು. ಆಮೇಲಿನ ವರ್ಷಗಳಲ್ಲಿ ಹಂದಿಗಳಲ್ಲೂ ಜನರಲ್ಲೂ ಆ ಜೀನ್ ಗಣನೀಯವಾಗಿ ಇಳಿಯಿತು. ಸಲ್ಫಾಗೆ ಒಂದು ಫಲ, ಕೊಲಿಸ್ಟಿನ್‌ಗೆ ಇನ್ನೊಂದು. ಜೀನ್‌ನಿಂದ ಬ್ಯಾಕ್ಟೀರಿಯಾಕ್ಕೆ ಎಷ್ಟು ಹೊರೆ, ಅದೇ ಪ್ಲಾಸ್ಮಿಡ್‌ನಲ್ಲಿ ಜೊತೆಗೆ ಏನೇನಿದೆ ಎನ್ನುವುದು ದೊಡ್ಡ ವ್ಯತ್ಯಾಸ ಮಾಡುತ್ತದೆ. ಔಷಧದ ಹೆಸರೊಂದನ್ನೇ ನೋಡಿ ನೀತಿ ಮಾಡಿದರೆ ಇದು ಕಾಣುವುದೇ ಇಲ್ಲ.

ಔಷಧ ಇರುವ ಕಡೆಯೂ ಪ್ಲಾಸ್ಮಿಡ್ ದಾಟಬಲ್ಲದು ಎನ್ನುವುದು ಇನ್ನೂ ಚಿಂತೆಯ ಮಾತು. 2019ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ವಿಜ್ಞಾನಿಗಳು ಇದನ್ನು ಸೂಕ್ಷ್ಮದರ್ಶಕದ ಕೆಳಗೆ ನೇರವಾಗಿ ನೋಡಿದರು. ಟೆಟ್ರಾಸೈಕ್ಲಿನ್ ಎದುರಿಸುವ ಪ್ಲಾಸ್ಮಿಡ್ ಪಕ್ಕದ ಕೋಶದೊಳಗೆ ಬಂದದ್ದು ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲೇ ಆ ಕೋಶ ಟೆಟ್ರಾಸೈಕ್ಲಿನ್ ಹೊರಹಾಕುವ ಪ್ರೋಟೀನ್ ತಯಾರಿಸಲು ಶುರು ಮಾಡುತ್ತದೆ. ಸುತ್ತ ಟೆಟ್ರಾಸೈಕ್ಲಿನ್ ತುಂಬಿದ್ದರೂ ಕೋಶ ಅದನ್ನು ತಯಾರಿಸಿತು. ಆದರೆ ಟೆಟ್ರಾಸೈಕ್ಲಿನ್ ತಡೆಯುವುದೇ ಪ್ರೋಟೀನ್ ತಯಾರಿಯನ್ನು, ಹಾಗಾದರೆ ಇದು ಹೇಗೆ ಸಾಧ್ಯ? ಬ್ಯಾಕ್ಟೀರಿಯಾದಲ್ಲಿ ಮೊದಲಿಂದಲೇ ಇರುವ, ಬೇಡದ್ದನ್ನೆಲ್ಲ ಹೊರಗೆ ತಳ್ಳುವ ಒಂದು ಸಾಮಾನ್ಯ ಪಂಪು ಔಷಧವನ್ನು ಸ್ವಲ್ಪ ಕಡಿಮೆ ಮಾಡಿ, ಅಷ್ಟು ಹೊತ್ತು ಉಸಿರು ಹಿಡಿದುಕೊಳ್ಳಲು ಅವಕಾಶ ಕೊಟ್ಟಿತ್ತು. ಆ ಪಂಪು ತೆಗೆದುಹಾಕಿದ ಬ್ಯಾಕ್ಟೀರಿಯಾಗೆ ಪ್ಲಾಸ್ಮಿಡ್ ಬಂದರೂ ಉಪಯೋಗ ಆಗಲಿಲ್ಲ.

ಇದೆಲ್ಲ ಹೊರಗೆ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಎರಡು ಉದಾಹರಣೆ ಸಾಕು. 2008ರಲ್ಲಿ ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರ ಕ್ಲೆಬ್ಸಿಯೆಲ್ಲಾದಲ್ಲಿ ಎನ್‌ಡಿಎಂ-1 ಎನ್ನುವ ಜೀನ್ ಸಿಕ್ಕಿತು. ಕಾರ್ಬಪೆನೆಮ್ ಗುಂಪಿನ ಬಲವಾದ ಔಷಧಗಳನ್ನೂ ಕತ್ತರಿಸಿ ಹಾಕುವ ಕಿಣ್ವ ಇದರಿಂದ ತಯಾರಾಗುತ್ತದೆ. ಎನ್‌ಡಿ ಅಂದರೆ ನ್ಯೂ ಡೆಲ್ಲಿ. ಹೆಸರಿನಲ್ಲಿ ಊರು ಸೇರಿದ್ದಕ್ಕೆ ದೊಡ್ಡ ಜಗಳವೇ ಆಯಿತು. ಜಗಳದ ನಡುವೆ ಮುಖ್ಯ ವಿಷಯ ಹಿಂದೆ ಬಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಈ ಜೀನ್ ಸಿಕ್ಕಿತು. ಕಾಲರಾ ಮತ್ತು ರಕ್ತಭೇದಿ ತರುವ ಬ್ಯಾಕ್ಟೀರಿಯಾಗಳೂ ಅದನ್ನು ಹೊತ್ತಿದ್ದವು. ಆಸ್ಪತ್ರೆಯ ಒಳಗಿನ ಸಮಸ್ಯೆ ಅಂದುಕೊಂಡದ್ದು ಚರಂಡಿಯಲ್ಲಿ ಆರಾಮಾಗಿ ಬದುಕುತ್ತಿತ್ತು. ಯಾರೂ ಮಾತ್ರೆ ತಪ್ಪಾಗಿ ನುಂಗದಿದ್ದರೂ ಆ ನೀರು ಕುಡಿದವರ ಹೊಟ್ಟೆಗೆ ಅದು ಹೋಗುತ್ತದೆ.

ಇನ್ನೊಂದು ಪಾಕಿಸ್ತಾನದ ಸಿಂಧ್ ಪ್ರಾಂತ್ಯದ್ದು. 2016ರ ನವೆಂಬರ್‌ನಿಂದ ಅಲ್ಲಿನ ಹೈದರಾಬಾದ್‌ನಲ್ಲಿ ಬಹುತೇಕ ಯಾವ ಔಷಧಕ್ಕೂ ಬಗ್ಗದ ಟೈಫಾಯ್ಡ್ ಶುರುವಾಯಿತು. ಆ ಟೈಫಾಯ್ಡ್ ತಳಿ ಮೊದಲೇ ಮೂರು ಹಳೆಯ ಔಷಧಗಳಿಗೆ ಬಗ್ಗುತ್ತಿರಲಿಲ್ಲ. ಅದರ ಮೇಲೆ ಒಂದು ಪ್ಲಾಸ್ಮಿಡ್ ಬಂತು. ಅದೇ ಸಿಟಿಎಕ್ಸ್-ಎಂ, ಕ್ಲುಯ್ವೆರಾದಿಂದ ಎದ್ದು ಬಂದದ್ದು, ಮತ್ತು ಸಿಪ್ರೊಫ್ಲಾಕ್ಸಸಿನ್ ತರಹದ ಔಷಧಗಳ ವಿರುದ್ಧದ ಇನ್ನೊಂದು ಜೀನ್ ಅದರಲ್ಲಿತ್ತು. ಹೋಲಿಕೆ ನೋಡಿದರೆ ಈ ಪ್ಲಾಸ್ಮಿಡ್ ಟೈಫಾಯ್ಡ್‌ಗೆ ಸಿಕ್ಕಿದ್ದು ಇ. ಕೋಲೈಯಿಂದ ಇರಬೇಕು. ಬಾಯಿಂದ ನುಂಗುವ ಔಷಧಗಳಲ್ಲಿ ಅಜಿತ್ರೊಮೈಸಿನ್ ಒಂದೇ ಉಳಿಯಿತು. ಜ್ವರ ಬಂದು ಮಲಗಿದ ಮಗುವಿನ ತಾಯಿಗೆ ಒಂದೇ ಮಾತ್ರೆ ಉಳಿದಿದೆ ಅಂತ ಹೇಳಬೇಕಾದ ವೈದ್ಯರ ಸ್ಥಿತಿ ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತದೆ.

ಸೋಂಕು ತರುವ ಬ್ಯಾಕ್ಟೀರಿಯಾಗೆ ಔಷಧ ನಾಟದೇ ಇದ್ದುದರಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಲ್ಯಾಬ್‌ನಲ್ಲಿ ಖಚಿತವಾದ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಆರಕ್ಕೆ ಒಂದು ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗದ್ದು.

ಆದರೂ ಲ್ಯಾಬ್ ವರದಿಯಲ್ಲಿ ಇರುವುದು ಎರಡೇ ವಿಷಯ: ಬ್ಯಾಕ್ಟೀರಿಯಾದ ಹೆಸರು, ಯಾವ ಔಷಧ ಕೆಲಸ ಮಾಡುತ್ತದೆ ಎಂಬ ಪಟ್ಟಿ. ಒಂದು ವಾರ್ಡಿನಲ್ಲಿ ಈ ತಿಂಗಳು ಕ್ಲೆಬ್ಸಿಯೆಲ್ಲಾ, ಮುಂದಿನ ತಿಂಗಳು ಇ. ಕೋಲೈ, ಆಮೇಲೆ ಎಂಟೆರೊಬ್ಯಾಕ್ಟರ್ ಬಂದರೆ ಮೂರು ಬೇರೆ ಘಟನೆ ಅಂತ ಬರೆದುಕೊಳ್ಳುತ್ತಾರೆ. ಮೂರರಲ್ಲೂ ಇದ್ದದ್ದು ಒಂದೇ ಪ್ಲಾಸ್ಮಿಡ್ ಆಗಿದ್ದಿರಬಹುದು. ಡಿಎನ್ಎಯನ್ನು ಚೂರು ಚೂರಾಗಿ ಓದುವ ವಿಧಾನದಲ್ಲೂ ಇದು ಸರಿಯಾಗಿ ಗೊತ್ತಾಗುವುದಿಲ್ಲ. ಪ್ಲಾಸ್ಮಿಡ್‌ನಲ್ಲಿ ಒಂದೇ ತರಹದ ತುಂಡುಗಳು ಮತ್ತೆ ಮತ್ತೆ ಬರುವುದರಿಂದ ಚೂರುಗಳನ್ನು ಜೋಡಿಸುವಾಗ ಎಲ್ಲ ಕಲಸಿಹೋಗುತ್ತದೆ. ಉದ್ದುದ್ದವಾಗಿ ಓದುವ ಹೊಸ ಯಂತ್ರಗಳು ಪ್ಲಾಸ್ಮಿಡ್‌ನ್ನು ಇಡಿಯಾಗಿ ತೋರಿಸುತ್ತವೆ. ಆಸ್ಪತ್ರೆಯ ಕೈತೊಳೆಯುವ ಸಿಂಕಿನ ಕೆಳಗಿನ ಬಾಗಿದ ಕೊಳವೆಯಲ್ಲಿ, ಅಲ್ಲಿ ನಿಂತ ಲೋಳೆಯಲ್ಲಿ, ಇಂತಹ ಪ್ಲಾಸ್ಮಿಡ್‌ಗಳು ತಿಂಗಳುಗಟ್ಟಲೆ ಉಳಿದು ಒಂದರಿಂದ ಒಂದಕ್ಕೆ ದಾಟುತ್ತಿರುವುದು ಹಲವು ಕಡೆ ಸಿಕ್ಕಿದೆ. ಮಂಚಗಳನ್ನೆಲ್ಲ ತೊಳೆದು ಸಿಂಕನ್ನು ಬಿಟ್ಟರೆ ಏನು ಉಪಯೋಗ?

ಆದ್ದರಿಂದ ನನ್ನ ಮಟ್ಟಿಗೆ ವೈದ್ಯರ ಚೀಟಿಯಷ್ಟೇ ಮುಖ್ಯವಾದದ್ದು ಒಳಚರಂಡಿ, ಕುಡಿಯುವ ನೀರು, ಲಸಿಕೆ. ದಾಟಲು ಪಕ್ಕದಲ್ಲಿ ಇನ್ನೊಂದು ಕೋಶ ಬೇಕು. ಒಬ್ಬರ ಮಲ ಇನ್ನೊಬ್ಬರ ಬಾಯಿಗೆ ಹೋಗದಂತೆ ತಡೆದರೆ ಆ ಭೇಟಿಗಳೇ ಕಡಿಮೆ ಆಗುತ್ತವೆ. ಸಿಂಧ್‌ನಲ್ಲಿ ಕೊನೆಗೆ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. 2019ರಲ್ಲಿ ಪಾಕಿಸ್ತಾನ ಹೊಸ ಟೈಫಾಯ್ಡ್ ಲಸಿಕೆಯನ್ನು ಮಕ್ಕಳ ನಿಯಮಿತ ಲಸಿಕೆ ಪಟ್ಟಿಗೆ ಸೇರಿಸಿದ ಮೊದಲ ದೇಶವಾಯಿತು, ಶುರುವಾಗಿದ್ದು ಸಿಂಧ್‌ನಿಂದ. ಔಷಧಕ್ಕೆ ಬಗ್ಗದ ಟೈಫಾಯ್ಡ್ ಮೇಲೂ ಲಸಿಕೆ ಚೆನ್ನಾಗಿ ಕೆಲಸ ಮಾಡಿತು. ಈ ಲಸಿಕೆ ಕಲಿಸುವುದು ಟೈಫಾಯ್ಡ್ ಬ್ಯಾಕ್ಟೀರಿಯಾದ ಹೊರಗಿನ ಸಕ್ಕರೆ ಹೊದಿಕೆಯನ್ನು ಗುರುತಿಸಲು. ಒಳಗೆ ಯಾವ ಪ್ಲಾಸ್ಮಿಡ್ ಇದ್ದರೂ ಹೊದಿಕೆ ಅದೇ ಇರುತ್ತದೆ. ಲಸಿಕೆ ಪಡೆದ ಹೆಚ್ಚಿನ ಮಕ್ಕಳಿಗೆ ಆ ಜ್ವರ ಬರಲಿಲ್ಲ, ಅದಕ್ಕೆ ಮಾತ್ರೆ ಬೇಕಾಗಲಿಲ್ಲ. ಹೈದರಾಬಾದ್‌ನ ನೀರಿನ ಕೊಳವೆಗಳ ಕೆಲಸ ಮಾತ್ರ ಬೇರೆಯಾಗಿಯೇ ಆಗಬೇಕು. ಆ ಇ. ಕೋಲೈ ಇರುವುದು ಬಹುಶಃ ಅಲ್ಲಿ, ಪ್ಲಾಸ್ಮಿಡ್ ಸಮೇತ.